ಡಾಲ್ಫಿಯ ಆಲ್ಬಂ, ಆದ್ರೆ ಉಳಿದ ನಾಲ್ವರನ್ನು ಕೇಳಿ

ಅಮೆರಿಕದ ಜಾಝ್ ವಾದಕ ಎರಿಕ್ ಡಾಲ್ಫಿಯ 'ಔಟ್ ಟು ಲಂಚ್' ಆಲ್ಬಂ ಬಗ್ಗೆ ಬರೆಯುವವರೆಲ್ಲ ಅವನ ಬೇಸ್ ಕ್ಲಾರಿನೆಟ್ (ಆಳ ದನಿಯ ಊದುವ ವಾದ್ಯ) ಹೊಗಳಿಯೇ ಮುಗಿಸಿಬಿಡ್ತಾರೆ. ಹೊಗಳಬೇಕಾದ್ದೇ ಬಿಡಿ. ಆ ವಾದ್ಯ ಅವನ ಬಾಯಲ್ಲಿ ಗೊಣಗುತ್ತದೆ, ಕಿರುಚುತ್ತದೆ, ಜಗಳಕ್ಕೆ ನಿಲ್ಲುತ್ತದೆ. ಆದರೆ ನಾನು ಈ ಆಲ್ಬಂ ಮತ್ತೆ ಮತ್ತೆ ಹಾಕೋದು ಉಳಿದ ನಾಲ್ವರಿಗಾಗಿ.

1964ರ ಫೆಬ್ರವರಿ 25ರಂದು, ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಆದ ರೆಕಾರ್ಡಿಂಗ್ ಇದು. ಪಿಯಾನೋ ಇಲ್ಲ, ಅದರ ಜಾಗದಲ್ಲಿ ಬಾಬಿ ಹಚರ್ಸನ್ನನ ವೈಬ್ರಾಫೋನ್, ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ. ಅವನು ಸೋಲೋ ನುಡಿಸುವವರ ಹಿಂದೆ ಸುಮ್ನೆ ಸ್ವರ ತುಂಬುತ್ತಾ ಕೂರಲ್ಲ. ಎಲ್ಲೋ ಒಂದು ಏಟು ಕೊಟ್ಟು, ಅದು ಗಾಳಿಯಲ್ಲಿ ಕರಗುವ ತನಕ ಕಾಯ್ತಾನೆ, ಆಮೇಲೆ ಯಾರೂ ಎಣಿಸದ ಜಾಗದಲ್ಲಿ ಇನ್ನೊಂದು ಏಟು. ಈ ಆಲ್ಬಂನಲ್ಲಿ ಅಷ್ಟೊಂದು ಖಾಲಿ ಜಾಗ ಸಿಗೋದೇ ಇದರಿಂದ.

ಡ್ರಮ್ಸ್‌ನಲ್ಲಿ ಟೋನಿ ವಿಲಿಯಮ್ಸ್. ಆಗ ಅವನಿಗೆ 18 ವರ್ಷ, ಅಷ್ಟು ಹೊತ್ತಿಗಾಗಲೇ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ತಂಡದಲ್ಲಿದ್ದ! ಡಾಲ್ಫಿ ಪಿಯಾನೋ ವಾದಕ ತೆಲೋನಿಯಸ್ ಮಾಂಕ್‌ಗಾಗಿ ಬರೆದ 'ಹ್ಯಾಟ್ ಅಂಡ್ ಬಿಯರ್ಡ್' ಹಾಕಿ, ಕೈಯಲ್ಲಿ ತಾಳ ಹಾಕಿ ನೋಡಿ. ಒಂಬತ್ತರ ಎಣಿಕೆ. ನಮ್ಮ ತನಿ ಆವರ್ತನ ಕೇಳಿ ಬೆಳೆದವರಿಗೆ ಒಂಬತ್ತು ಹೊಸದೇನಲ್ಲ, ಆದರೆ ವಿಲಿಯಮ್ಸ್ ಎಣಿಕೆಯನ್ನು ಎಲ್ಲೂ ಬಾಯಿಬಿಟ್ಟು ಹೇಳಲ್ಲ, ನಾವೇ ಹಿಡ್ಕೊಂಡಿರಬೇಕು.

'ಸಮ್‌ಥಿಂಗ್ ಸ್ವೀಟ್, ಸಮ್‌ಥಿಂಗ್ ಟೆಂಡರ್'ನಲ್ಲಿ ರಿಚರ್ಡ್ ಡೇವಿಸ್ ಡಬಲ್ ಬೇಸ್ (ಆಳೆತ್ತರದ, ಆಳ ದನಿಯ ಪಿಟೀಲಿನಂಥ ವಾದ್ಯ) ಮೇಲೆ ಕಮಾನು ಎಳೆಯುತ್ತಾ ಬೇಸ್ ಕ್ಲಾರಿನೆಟ್ ಜೊತೆ ಅದೇ ಧಾಟಿ ಹಿಡಿಯುವ ಒಂದು ಜಾಗ ಇದೆ. ತಂತಿ ಯಾವುದು, ಉಸಿರು ಯಾವುದು ಅಂತ ಗೊತ್ತೇ ಆಗಲ್ಲ. ನನ್ನ ಮಟ್ಟಿಗೆ ಇಡೀ ಆಲ್ಬಂನಲ್ಲಿ ಅದಕ್ಕಿಂತ ಚೆಂದದ್ದಿಲ್ಲ.

ಟ್ರಂಪೆಟ್‌ನ ಫ್ರೆಡ್ಡಿ ಹಬರ್ಡ್ ಈ ಗುಂಪಿಗೆ ಹೊಂದಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ. 1960ರಲ್ಲೇ ಡಾಲ್ಫಿಯ ಮೊದಲ ಆಲ್ಬಂನಲ್ಲಿ ನುಡಿಸಿದವನು ಅವನು, ಅದೇ ವರ್ಷ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್‌ಮನ್‌ನ 'ಫ್ರೀ ಜಾಝ್'ನಲ್ಲೂ ಇಬ್ಬರೂ ಇದ್ದರು. ಅವನ ಸದ್ದು ದುಂಡಗೆ, ಗಟ್ಟಿಯಾಗಿದೆ, ಹೌದು. ಐವರೂ ಒಂದೇ ಥರ ವಕ್ರವಾಗಿ ನುಡಿಸಿದ್ರೆ ವಕ್ರ ಅಂತ ಗೊತ್ತಾಗೋದಾದ್ರೂ ಹೇಗೆ?

ಡಾಲ್ಫಿ 1964ರ ಜೂನ್ 29ಕ್ಕೆ ಬರ್ಲಿನ್‌ನಲ್ಲಿ ತೀರಿಕೊಂಡ. 36 ವರ್ಷ, ಸಕ್ಕರೆ ಕಾಯಿಲೆ. ಆಲ್ಬಂ ಬಂದಿದ್ದು ಆಮೇಲೆ. ಈ ಐವರು ಇನ್ನೊಂದು ಆಲ್ಬಂ ಮಾಡಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಮೊದಲ ಸಲ ಕೇಳುವವರು ಕೊನೆಯ 'ಸ್ಟ್ರೈಟ್ ಅಪ್ ಅಂಡ್ ಡೌನ್'ನಿಂದ ಶುರು ಮಾಡಿ. ಕುಡಿದವನ ನಡಿಗೆ ಅದು, ನಗು ಬರುತ್ತೆ. ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ರಿಚರ್ಡ್ ಡೇವಿಸ್ ಪೂರ್ತಿ ಮಾಯ ಆಗ್ತಾನೆ.