ಸೊನ್ನೆಯ ಬೆಲೆ ಐದೂವರೆ ಸಾವಿರ

ಮಕ್ಕಾದ ಉಮ್ರಾ ಯಾತ್ರೆಗೆ ಹೊರಡುವವರ ಗಡಿಬಿಡಿ ಶುರುವಾಯಿತೆಂದರೆ ಕಲಬುರಗಿಯ ಗಲ್ಲಿಗಳಲ್ಲಿ ಬ್ಯಾನರುಗಳೂ ಏಳುತ್ತವೆ: ‘ಸೌದಿ ರಿಯಾಲ್ ಸಿಗುತ್ತದೆ, ಜೀರೋ ಕಮಿಷನ್’. ಶರಣಬಸವೇಶ್ವರರ ದಾಸೋಹದ ಊರು ನೋಡಿ, ಇಲ್ಲಿ ನೋಟು ಮಾರುವವರೂ ಪುಕ್ಕಟೆ ಸೇವೆಗೇ ಕುಳಿತಿದ್ದಾರೆ. ಬಾಡಿಗೆ, ಕರೆಂಟು, ಹುಡುಗನ ಪಗಾರ ಎಲ್ಲ ಆಕಾಶದಿಂದ ಉದುರುತ್ತಿರಬೇಕು.

ಲೆಕ್ಕಕ್ಕೆಂದು ಒಂದು ದಿನದ ದರ ಹಿಡಿಯೋಣ. ಗೂಗಲ್ಲಿನಲ್ಲಿ ರಿಯಾಲ್ 22.50 ರೂಪಾಯಿ. ಜೀರೋ ಕಮಿಷನ್ನಿನ ಪುಣ್ಯಾತ್ಮ ಮಾರುವುದು 23.60ಕ್ಕೆ. 5,000 ರಿಯಾಲಿಗೆ 1,18,000 ಆಯಿತು. ನಿಜವಾದ ಬೆಲೆ 1,12,500. ಸೊನ್ನೆಯ ಹೊಟ್ಟೆಯಲ್ಲಿ 5,500 ಕೂತಿದೆ. ಪಕ್ಕದ ಓಣಿಯವ 22.80 ದರ ಹೇಳಿ, ಮೇಲೆ 300 ಕಮಿಷನ್ ಕೇಳಿದ್ದಕ್ಕೆ ‘ಕಳ್ಳ’ ಅನಿಸಿಕೊಂಡ. ಅವನ ಹತ್ತಿರ ಒಟ್ಟು 1,14,300. ಜಿಎಸ್‌ಟಿ ಇಬ್ಬರೂ ಹಾಕಬೇಕು. ಅದು ಪೂರ್ತಿ ಮೊತ್ತದ ಮೇಲಲ್ಲ, ಅದರ ಒಂದು ಸಣ್ಣ ಪಾಲಿನ ಮೇಲೆ. ಈ 1,18,000ಕ್ಕೆ ಇನ್ನೂರೂ ಮುಟ್ಟುವುದಿಲ್ಲ. ‘ಟ್ಯಾಕ್ಸೇ ಸಾವಿರ ಆಯ್ತ್ರೀ’ ಅಂದರೆ ಬಿಲ್ ಕೇಳಿ. ಬಿಲ್ ಅಂದ ಕೂಡಲೇ ಕೆಲವರಿಗೆ ಪ್ರಿಂಟರ್ ಕೆಟ್ಟಿರುವುದು ನೆನಪಾಗುತ್ತದೆ.

ತೊಗರಿ ಬೆಳೆದವರಿಗೆ ಇದೇನೂ ಹೊಸದಲ್ಲ. ಗಂಜಿನ ಮಾರುಕಟ್ಟೆಯಲ್ಲಿ ಬೋರ್ಡಿನ ಮೇಲಿನ ದರ ಒಂದು, ಕೈಗೆ ಬರುವುದು ಇನ್ನೊಂದು. ಅಲ್ಲಿ ತೂಕದಲ್ಲಿ ಕಡಿತ, ಇಲ್ಲಿ ದರದಲ್ಲಿ ಕಡಿತ.

ಹಾಗಾದರೆ ಬ್ಯಾಂಕಿಗೇ ಹೋಗೋಣವೆಂದರೆ, ಮೂವತ್ತು ವರ್ಷದ ಖಾತೆದಾರನಿಗೆ ಕೌಂಟರಿನಿಂದ ಬರುವ ಉತ್ತರ: ‘ರಿಯಾಲ್ ನಮ್ಮಲ್ಲಿ ಸಿಗಲ್ರಿ, ಹೈದರಾಬಾದಿಗಿ ಹೋಗ್ರಿ.’ 2019ರಲ್ಲಿ ಊರಿಗೆ ವಿಮಾನ ನಿಲ್ದಾಣ ಬಂತು. ವಿದೇಶಿ ನೋಟಿಗೆ ಮಾತ್ರ ಇನ್ನೂ ನಿಜಾಮರ ರಾಜಧಾನಿಯೇ ಗತಿ.

ನಿಜಾಮರೆಂದಾಗ ನೆನಪಾಯಿತು. ಕಲಬುರಗಿ, ಬೀದರ, ಯಾದಗಿರಿಯ ಹಿರಿಯರಿಗೆ ಎರಡು ರೂಪಾಯಿಗಳ ಸಂಸಾರ ಗೊತ್ತಿತ್ತು: ನಿಜಾಮರ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ್. ಪಕ್ಕದ ಸೋಲಾಪುರ ಆಗ ಮುಂಬೈ ಪ್ರಾಂತ್ಯ, ಅಲ್ಲಿ ಕಲ್ದಾರೇ ಬೇಕು. ಸರ್ಕಾರಿ ದರ 7 ಹಾಲಿಗೆ 6 ಕಲ್ದಾರ್. ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಶಾಲೆಯ ಮುಖ ಕಾಣದ ಅಜ್ಜಿ ಇದನ್ನು ಬೆರಳೆಣಿಸಿ ಹೇಳುತ್ತಿದ್ದಳು. ಅವಳ ಮೊಮ್ಮಗ ಎಂಬಿಎ ಮುಗಿಸಿ ‘ಜೀರೋ ಕಮಿಷನ್ ಅಜ್ಜೀ’ ಎಂದು ಫೋನು ತೋರಿಸುತ್ತಾನೆ.

‘ಇವತ್ತು ರಿಯಾಲ್ ಏರ್ಯಾದ್ರಿ’ ಎನ್ನುವುದು ಇನ್ನೊಂದು ಮಂತ್ರ. ರಿಯಾಲ್ ಎಲ್ಲಿಗೂ ಏರಿಲ್ಲ. 1986ರಿಂದ ಡಾಲರಿಗೆ 3.75ರ ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ಅಲ್ಲೇ ಮಲಗಿದೆ. ಜಾರಿದ್ದು ನಮ್ಮ ರೂಪಾಯಿ.

ಕಾರ್ಡ್ ಒಯ್ದರೆ ಬಚಾವೇ? ಮೊದಲು ಆ್ಯಪಿನಲ್ಲಿ ‘ಅಂತಾರಾಷ್ಟ್ರೀಯ ಬಳಕೆ’ ಎಂಬ ಗುಂಡಿ ಒತ್ತಿರಬೇಕು, ಇಲ್ಲದಿದ್ದರೆ ಮಕ್ಕಾದಲ್ಲಿ ಅದು ಬರೀ ಪ್ಲಾಸ್ಟಿಕ್ಕು. ಒತ್ತಿದ್ದೀರಿ ಅನ್ನಿ. ಹೋಟೆಲಿನ ಯಂತ್ರ ಬಲು ಮರ್ಯಾದೆಯಿಂದ ಕೇಳುತ್ತದೆ: ರಿಯಾಲಿನಲ್ಲಿ ಕಡಿಯಲೋ, ನಿಮ್ಮ ಪ್ರೀತಿಯ ರೂಪಾಯಿಯಲ್ಲೋ? ದೇಶಪ್ರೇಮ ಉಕ್ಕಿ ರೂಪಾಯಿ ಒತ್ತಿದರೆ ದರ ನಿಗದಿ ಮಾಡುವುದು ಆ ಯಂತ್ರದವರು. ರಿಯಾಲ್ ಒತ್ತಬೇಕು. ಆಗಲೂ ನಮ್ಮ ಬ್ಯಾಂಕು ಮಾರ್ಕಪ್ ಎಂದು ದರದ ಮೇಲೆ ತನ್ನ ಪಾಲು ಹಾಕುತ್ತದೆ. 3.5 ಶೇಕಡಾ ಇದ್ದರೆ ಜಿಎಸ್‌ಟಿ ಸೇರಿ 4.13.

ಇದನ್ನೆಲ್ಲ ತಮಾಷೆಯಾಗಿ ಬರೆಯಬಹುದು. ಆದರೆ ಆ ಕಿಟಕಿಯ ಮುಂದೆ ನಿಲ್ಲುವವರು ಹತ್ತು ವರ್ಷ ಹೊಲಿಗೆ ಯಂತ್ರ ತುಳಿದು, ತಗಡಿನ ಡಬ್ಬಿಯಲ್ಲಿ ಕೂಡಿಟ್ಟವರು. ನೋಟಿನ ಅಂಗಡಿಯವರೇ, ಅವರಿಗೆ ಪ್ಯಾನ್ ಬೇಕು, ಪಾಸ್‌ಪೋರ್ಟ್ ಬೇಕು, ವಿದೇಶಿ ಹಣ ಕೊಳ್ಳುವ ಎ2 ಫಾರಂ ಬೇಕು, ಐವತ್ತು ಸಾವಿರ ದಾಟಿದರೆ ನಗದು ನಡೆಯದು ಎಂದು ಎಲ್ಲ ಕಾನೂನು ಹೇಳುತ್ತೀರಿ. ನಿಜವಾದ ದರವನ್ನು ನಿಮ್ಮ ದರದ ಪಕ್ಕದಲ್ಲಿ ಬರೆದು ತೂಗುಹಾಕಲು ಏನು ಧಾಡಿ? ಒಂದು ಹಲಗೆ, ಒಂದು ಸೀಮೆಸುಣ್ಣ. ಅಷ್ಟೂ ಆಗುವುದಿಲ್ಲವೇ?

ಹೋಗಲಿ. ಯಾತ್ರೆ ಮುಗಿಸಿ ಬಂದವರು ಉಳಿದ 1,000 ರಿಯಾಲ್ ಹಿಡಿದು ಅದೇ ಅಂಗಡಿಗೆ ಬರುತ್ತಾರೆ. 23.60ಕ್ಕೆ ಕೊಂಡದ್ದು ಈಗ 21.60. ಎರಡು ಸಾವಿರ ಇಳಿಯಿತು, ಕಮಿಷನ್ ಆಗಲೂ ಸೊನ್ನೆಯೇ. ಜೇಬಿನ ತಳದಲ್ಲಿ ಹಿಡಿಯಷ್ಟು ಹಲಾಲಾ ನಾಣ್ಯ, ಅಂದರೆ ರಿಯಾಲಿನ ಪೈಸೆ.

‘ಚಿಲ್ಲರ್ ತಗೊಳಲ್ರಿ. ಮಕ್ಕಳಿಗಿ ಆಡ್ಲಿಕ್ಕಿ ಕೊಡ್ರಿ.’