‘ಭಾರತೀಯರು ಆಗಲ್ಲ ಅನ್ನುವುದಿಲ್ಲ’ ಅಂತ ಪಾಠ ಹೇಳುವವರಿಗೆ

ನಿನ್ನೆ ಆಫೀಸಿನಲ್ಲಿ ಮತ್ತೆ ಅದೇ ಟ್ರೇನಿಂಗ್. ಅಮೆರಿಕದ ಕ್ಲೈಂಟ್ ಜೊತೆ ಕೆಲಸ ಮಾಡುವವರೆಲ್ಲ ಎರಡು ದೇಶಗಳ ಸಂಸ್ಕೃತಿಯ ವ್ಯತ್ಯಾಸ ತಿಳಿದಿರಬೇಕಂತೆ. ಸ್ಲೈಡಿನಲ್ಲಿ ಒಂದು ಪಟ್ಟಿ. ದೊಡ್ಡವರು ಚಿಕ್ಕವರು ಅನ್ನುವ ಅಂತರವನ್ನು ಒಪ್ಪಿಕೊಳ್ಳುವುದರಲ್ಲಿ ಭಾರತಕ್ಕೆ 77 ಅಂಕ, ಅಮೆರಿಕಕ್ಕೆ 40. ಕೆಳಗೆ ದಪ್ಪ ಅಕ್ಷರದಲ್ಲಿ, ಭಾರತೀಯರು ಮೇಲಿನವರಿಗೆ ‘ಆಗಲ್ಲ’ ಅಂತ ಹೇಳುವುದಿಲ್ಲ, ಕೆಟ್ಟ ಸುದ್ದಿ ಮುಚ್ಚಿಡುತ್ತಾರೆ. ಹಾಗಾಗಿ ನಾವು ಧೈರ್ಯವಾಗಿ ಮಾತಾಡುವುದನ್ನು ಕಲಿಯಬೇಕು.

ನನಗೆ ಮೈಯೆಲ್ಲ ಉರಿದುಹೋಯಿತು. ಇವತ್ತೂ ಆರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಪಾಠ ನಡೆಯುವಾಗ ನಮ್ಮ ಟೀಮಿನ ಒಬ್ಬ ಹುಡುಗಿ ಅಲ್ಲೇ ಕೂತಿದ್ದಳು. ಹೋದ ವರ್ಷ ಕ್ಲೈಂಟ್ ಕಾಲ್‌ನಲ್ಲಿ, ಎಲ್ಲರ ಎದುರಿಗೆ, “ಈ ದಿನಾಂಕಕ್ಕೆ ಮುಗಿಯುವುದಿಲ್ಲ, ಟೆಸ್ಟಿಂಗ್‌ಗೆ ಇನ್ನೆರಡು ವಾರ ಬೇಕು” ಅಂತ ಹೇಳಿದವಳು ಅವಳೇ. ಧ್ವನಿ ಏರಿಸಲಿಲ್ಲ, ಕಾರಣವನ್ನೂ ಕೊಟ್ಟಳು. ಮರುದಿನವೇ ಕ್ಲೈಂಟ್ ಕಡೆಯಿಂದ ಎಸ್ಕಲೇಷನ್ ಮೇಲ್, ಅಂದರೆ ಮೇಲಿನವರಿಗೆ ದೂರು, ಬಂತು. ಅಪ್ರೈಸಲ್‌ನಲ್ಲಿ ರೇಟಿಂಗ್ ಇಳಿಯಿತು. ಕ್ಲೈಂಟ್ ಮುಂದೆ ಮಾತಾಡುವ ರೀತಿ ಸುಧಾರಿಸಿಕೊಳ್ಳಬೇಕು ಅಂತ ಷರಾ ಬೇರೆ. ಈಗ ಅದೇ ಹುಡುಗಿಯನ್ನು ಕೂರಿಸಿ, ನಿಮ್ಮ ದೇಶದವರಿಗೆ ಬಾಯಿ ಇಲ್ಲ ಅಂತ ಹೇಳಿಕೊಡುತ್ತಿದ್ದಾರೆ. ಹೇಳಿದವರಿಗೆ ಏನಾಯಿತು ಅನ್ನುವುದು ಆ ಸ್ಲೈಡಿನಲ್ಲಿ ಎಲ್ಲಿದೆ?

ಈ 77 ಎಲ್ಲಿಂದ ಬಂತು ಅನ್ನುವುದನ್ನೂ ಯಾರೂ ಹೇಳುವುದಿಲ್ಲ. ನೆದರ್ಲೆಂಡ್ಸ್‌ನ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ 1967ರಿಂದ 1973ರ ನಡುವೆ ಐಬಿಎಂ ನೌಕರರಿಂದ ತುಂಬಿಸಿಕೊಂಡ ಪ್ರಶ್ನಾವಳಿಗಳಿಂದ ಈ ಲೆಕ್ಕ ಶುರುವಾಯಿತು. ಒಟ್ಟು ಒಂದು ಲಕ್ಷಕ್ಕೂ ಜಾಸ್ತಿ ಪ್ರಶ್ನಾವಳಿ, ಸರಿ. ಆದರೆ ದೇಶ ದೇಶ ಬಿಡಿಸಿ ನೋಡಿದರೆ ಕಥೆ ಬೇರೆ. ಪಾಕಿಸ್ತಾನದಲ್ಲಿ ಒಂದು ಸುತ್ತಿನಲ್ಲಿ ಉತ್ತರಿಸಿದವರು 37 ಜನ, ಇನ್ನೊಂದರಲ್ಲಿ 70 ಜನ ಅಂತ ಬ್ರೆಂಡನ್ ಮೆಕ್‌ಸ್ವೀನಿ ಅನ್ನುವ ಸಂಶೋಧಕರು 2002ರಲ್ಲೇ ಎತ್ತಿ ತೋರಿಸಿದರು. ಐಬಿಎಂ 1978ರಲ್ಲಿ ಭಾರತವನ್ನೇ ಬಿಟ್ಟು ಹೋಯಿತು, ಮತ್ತೆ ಬಂದದ್ದು ತೊಂಬತ್ತರ ದಶಕದಲ್ಲಿ. ಅಂದರೆ ಐವತ್ತು ವರ್ಷದ ಹಿಂದೆ ಒಂದೇ ಕಂಪನಿಯ ನೌಕರರು ಕೊಟ್ಟ ಉತ್ತರದ ಮೇಲೆ ಇವತ್ತು ಹಾಸನದಿಂದ ಬಂದ ಇಪ್ಪತ್ತನಾಲ್ಕು ವರ್ಷದ ಹುಡುಗಿಯ ಸ್ವಭಾವ ಅಳೆಯುತ್ತಾರೆ. ಹಾಫ್‌ಸ್ಟೆಡ್ ಅವರೇ ಈ ಅಂಕಿಗಳು ದೇಶಗಳನ್ನು ಹೋಲಿಸುವುದಕ್ಕೆ, ಒಬ್ಬೊಬ್ಬ ವ್ಯಕ್ತಿಗೆ ಅಂಟಿಸುವುದಕ್ಕಲ್ಲ ಅಂತ ಎಚ್ಚರಿಸಿದ್ದರು. ಅದನ್ನು ಯಾರು ಓದುತ್ತಾರೆ?

ನಮ್ಮ ಊರಿನ ಡೇರಿ ಸೊಸೈಟಿಯ ಸರ್ವಸದಸ್ಯರ ಸಭೆಗೆ ಆ ಟ್ರೇನರ್‌ನನ್ನು ಒಮ್ಮೆ ಕರೆದುಕೊಂಡು ಹೋಗಬೇಕು. ಮಂಡ್ಯ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹಾಲಿನ ಫ್ಯಾಟ್ ಯಾಕೆ ಕಮ್ಮಿ ಬರೆದೆ, ಬೋನಸ್ ದುಡ್ಡು ಎಲ್ಲಿ ಹೋಯಿತು ಅಂತ ಎರಡು ಹಸು ಸಾಕಿದ ಹೆಂಗಸರು ಸೆಕ್ರೆಟರಿಯ ಬೆವರಿಳಿಸುತ್ತಾರೆ. ಅಧ್ಯಕ್ಷರು ಊರಿನ ದೊಡ್ಡ ಮನುಷ್ಯರೇ ಆದರೂ ಬಿಡುವುದಿಲ್ಲ. ಇವರೂ 77ರ ದೇಶದವರೇ. ಅಲ್ಲಿ ಅವರು ಷೇರುದಾರರು, ಕೈಯಲ್ಲಿ ಓಟಿದೆ, ಅವರನ್ನು ಯಾರೂ ಕೆಲಸದಿಂದ ತೆಗೆಯಲಾರರು. ಆದರೆ ನನಗೆ ಹೋಮ್ ಲೋನ್ ಇದೆ, ಮಗಳ ಫೀಸ್ ಇದೆ, ವಯಸ್ಸಾದ ಅಮ್ಮನ ಔಷಧಿ ಇದೆ. ಕ್ಲೈಂಟ್ ಮುಂದೆ ಅಳೆದು ತೂಗಿ ಮಾತಾಡುತ್ತೇನೆ, ಎಷ್ಟೋ ಸಲ ಗಂಟಲಿಗೆ ಬಂದದ್ದನ್ನು ನುಂಗುತ್ತೇನೆ. ಇದನ್ನು ನನ್ನ ದೇಶದ ಗುಣ ಅಂತ ಯಾಕೆ ಕರೆಯಬೇಕು?

ಇದು ನಮ್ಮ ಕಥೆ ಮಾತ್ರ ಅಲ್ಲ. ಅಮೆರಿಕದ್ದೇ ಉದಾಹರಣೆ ತಗೊಳ್ಳಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆ ಇತ್ತು. ಗೈರುಹಾಜರಿ, ಕುಡಿತ, ದಿನವೂ ಜಗಳ. ಅಲ್ಲಿನ ಕಾರ್ಮಿಕರು ಅಮೆರಿಕದಲ್ಲೇ ಕೆಟ್ಟವರು ಅನ್ನುವ ಹೆಸರು ಬಂದಿತ್ತು. 1982ರಲ್ಲಿ ಮುಚ್ಚಿದರು. 1984ರಲ್ಲಿ ಜಪಾನಿನ ಟೊಯೋಟಾ ಜೊತೆ ಸೇರಿ ನ್ಯೂಮಿ (NUMMI) ಅನ್ನುವ ಹೆಸರಿನಲ್ಲಿ ಮತ್ತೆ ತೆರೆದರು. ಅದೇ ಊರು, ಅದೇ ಯೂನಿಯನ್, ಕೆಲಸಗಾರರಲ್ಲಿ ಬಹುಪಾಲು ಅದೇ ಹಳಬರು. ಎರಡು ವರ್ಷದೊಳಗೆ ಅಲ್ಲಿಂದ ಹೊರಬರುವ ಕಾರುಗಳ ಗುಣಮಟ್ಟ ಜನರಲ್ ಮೋಟಾರ್ಸ್‌ನ ಬೇರೆ ಕಾರ್ಖಾನೆಗಳನ್ನು ಮೀರಿಸಿತ್ತು. ಅಷ್ಟರಲ್ಲಿ ಆ ಜನರ ಸಂಸ್ಕೃತಿ ಜಪಾನಿನದಾಯಿತಾ? ಇಲ್ಲ. ತಪ್ಪು ಕಂಡರೆ ಯಾರು ಬೇಕಾದರೂ ಹಗ್ಗ ಎಳೆದು ಕಾರು ಜೋಡಿಸುವ ಲೈನ್ ನಿಲ್ಲಿಸಬಹುದಿತ್ತು. ಹಳೆಯ ಕಾಲದಲ್ಲಿ ಲೈನ್ ನಿಲ್ಲಿಸಿದವನ ಗತಿ ಮುಗಿದಂತೆಯೇ. ಈಗ ಎಳೆದವನ ಬಳಿಗೆ ಟೀಮ್ ಲೀಡರ್ ಓಡಿಬಂದು, ಏನಾಯಿತು, ಹೇಗೆ ಸರಿಮಾಡೋಣ ಅಂತ ಕೇಳುತ್ತಿದ್ದ. 1988ರ ಹೊತ್ತಿಗೆ ಮಾರಾಟ ಬಿದ್ದಾಗಲೂ ಜನರನ್ನು ಮನೆಗೆ ಕಳಿಸಲಿಲ್ಲ, ತರಬೇತಿಗೆ, ರಿಪೇರಿ ಕೆಲಸಕ್ಕೆ ಹಾಕಿದರು. ಹಗ್ಗ ಎಳೆದರೂ ಕೆಲಸ ಉಳಿಯುತ್ತೆ ಅಂತ ಖಾತ್ರಿಯಾದ ಮೇಲೆ ಜನ ಎಳೆದರು. ನಮ್ಮ ಕಾಲ್‌ನಲ್ಲಿ ಆ ಹುಡುಗಿ ಎಳೆದದ್ದೂ ಅದೇ ಹಗ್ಗ.

ನಮ್ಮ ಕೋಲಾರದ ನರಸಾಪುರವನ್ನೂ ಮರೆಯಬೇಡಿ. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ಗಲಾಟೆಯಾಯಿತು, ಗಾಜು ಪುಡಿಯಾಯಿತು. ಟಿವಿಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಎಷ್ಟೆಲ್ಲ ಮಾತು! ನಮ್ಮವರಿಗೆ ಶಿಸ್ತಿಲ್ಲ, ತೈವಾನಿನವರ ಕೆಲಸದ ರೀತಿಗೆ ನಮ್ಮ ಹುಡುಗರು ಒಗ್ಗುವುದಿಲ್ಲ. ಒಡೆದುಹಾಕಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನಿಖೆಯಲ್ಲಿ ಬಂದದ್ದೇನು? ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ದುಪ್ಪಟ್ಟಾಗಿತ್ತು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಗಿತ್ತು. ಹಾಜರಿ, ಸಂಬಳದ ಲೆಕ್ಕ ಇಡುವ ವ್ಯವಸ್ಥೆ ಕೈಕೊಟ್ಟಿತ್ತು. ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಗಿತ್ತು ಅಂತ ಆ್ಯಪಲ್ ಕಂಪನಿಯೇ ಒಪ್ಪಿಕೊಂಡಿತು, ಹೊಸ ಆರ್ಡರ್ ತಡೆಹಿಡಿಯಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸಂಬಳ ಸರಿಯಾಗಿ ಬರದಿದ್ದರೆ ಯಾವ ದೇಶದವನಿಗೂ ಸಿಟ್ಟು ಬರುತ್ತದೆ. ಇದಕ್ಕೆ ಸಂಸ್ಕೃತಿಯ ಪಟ್ಟಿ ಬೇಕಾ?

ಸಂಸ್ಕೃತಿಯ ವ್ಯತ್ಯಾಸವೇ ಇಲ್ಲವಾ ಅಂತ ನೀವು ಕೇಳಬಹುದು. ಇದೆ. ಜರ್ಮನಿಯಲ್ಲಿ ಸೋತ ಅಮೆರಿಕದ ಅಂಗಡಿ ಸರಣಿ ವಾಲ್‌ಮಾರ್ಟ್ ಕಥೆಯನ್ನು ಎಲ್ಲ ಟ್ರೇನಿಂಗ್‌ನಲ್ಲೂ ಹೇಳುತ್ತಾರೆ. 1997ರಲ್ಲಿ ಹೋಗಿ, ಗ್ರಾಹಕರಿಗೆ ಮುಗುಳ್ನಕ್ಕು ಸ್ವಾಗತಿಸಿ ಅಂದರು, ಜರ್ಮನರಿಗೆ ಹಿಡಿಸಲಿಲ್ಲ, 2006ರಲ್ಲಿ 85 ಅಂಗಡಿಗಳನ್ನು ಮೆಟ್ರೋ ಅನ್ನುವ ಅಲ್ಲಿನ ಕಂಪನಿಗೆ ಮಾರಿ ಬಂದರು. ಕೇಳಲು ಚೆಂದ. ಆದರೆ ಅಲ್ಲಿ ಆಲ್ಡಿ, ಲಿಡ್ಲ್ ಅನ್ನುವ ಅಂಗಡಿ ಸರಣಿಗಳು ಆಗಲೇ ಅವರಿಗಿಂತ ಅಗ್ಗಕ್ಕೆ ಮಾರುತ್ತಿದ್ದವು. ನಷ್ಟಕ್ಕೆ ಮಾರಬೇಡಿ ಅಂತ ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2000ದಲ್ಲಿ ತಡೆಯಿತು. ನೌಕರರ ಖಾಸಗಿ ಸಂಬಂಧಕ್ಕೂ ನಿಯಮ ಮಾಡಹೊರಟಾಗ 2005ರಲ್ಲಿ ಕೋರ್ಟ್ ಬಿಡಲಿಲ್ಲ. ಇಷ್ಟೆಲ್ಲ ಬಿಟ್ಟು ಮುಗುಳ್ನಗೆ ಒಂದನ್ನೇ ಹೇಳುತ್ತಾರೆ.

ನನಗೆ ಜಾಸ್ತಿ ನೋವು ಕೊಟ್ಟದ್ದು ಇನ್ನೊಂದು. ಆ ಟ್ರೇನಿಂಗ್‌ನಲ್ಲಿ ಇದ್ದವರೆಲ್ಲ ನಾವೇ. ಎಸ್ಕಲೇಷನ್ ಬರೆದವರು ಒಬ್ಬರೂ ಇರಲಿಲ್ಲ. ಅವರ ಬೆಳಗಿನ ಕಾಫಿ ಹೊತ್ತಿಗೆ ಸರಿಹೋಗಲಿ ಅಂತ ನಾವು ರಾತ್ರಿ ಒಂಬತ್ತೂವರೆಗೆ, ಮಕ್ಕಳನ್ನು ಮಲಗಿಸುವ ಹೊತ್ತಲ್ಲಿ, ಕಾಲ್‌ಗೆ ಕೂರುತ್ತೇವೆ. ಅವರ ರೀತಿ ನಾವು ಕಲಿಯಬೇಕು, ಅವರ ಗಡಿಯಾರಕ್ಕೂ ನಾವೇ ಹೊಂದಿಕೊಳ್ಳಬೇಕು.

ಎಚ್‌ಆರ್‌ಗೆ ಇವತ್ತು ಮಧ್ಯಾಹ್ನ ನನ್ನ ಹೆಸರಿನಲ್ಲೇ ಮೇಲ್ ಹಾಕಿದ್ದೇನೆ. ಕೆಲಸ ತಡವಾಗುತ್ತದೆ ಅಂತ ಮೊದಲೇ ತಿಳಿಸಿದವರ ಮೇಲೆ ಎಸ್ಕಲೇಷನ್ ಮಾಡುವಂತಿಲ್ಲ, ಅದನ್ನು ರೇಟಿಂಗ್‌ಗೆ ಲೆಕ್ಕ ಹಿಡಿಯುವಂತಿಲ್ಲ ಅಂತ ಕ್ಲೈಂಟ್ ಜೊತೆಗಿನ ಒಪ್ಪಂದದಲ್ಲೇ ಬರೆಸಿ ಅಂತ ಕೇಳಿದ್ದೇನೆ. ಆ ಹುಡುಗಿಯ ರೇಟಿಂಗ್ ಮರುಪರಿಶೀಲಿಸಿ ಅಂತಲೂ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಕಂಪನಿಗಳಲ್ಲಿ ಇಂಥ ಸಾಲು ಒಪ್ಪಂದದಲ್ಲಿ ಇದ್ದರೆ ದಯವಿಟ್ಟು ತಿಳಿಸಿ, ನನಗೆ ವಾದಿಸಲು ಬೇಕಾಗುತ್ತದೆ.