ಮಕ್ಕಳು ನಿಂತರು, ಸೀಟಿ ಕೇಳಿಸಲಿಲ್ಲ

ಕ್ರೀಡಾ ತರಬೇತುದಾರರ ಕೋರ್ಸುಗಳಲ್ಲಿ ಒಂದು ಚಂದದ ಪಾಠವಿದೆ. ಅಂಗಳಕ್ಕೆ ಬಂದವರೆಲ್ಲ ಒಂದೇ ಅಚ್ಚಿನವರಲ್ಲ. ಆದ್ದರಿಂದ ಜಾಗ, ಚಟುವಟಿಕೆ, ಸಲಕರಣೆ, ಜನ ಈ ನಾಲ್ಕರಲ್ಲಿ ಯಾವುದನ್ನಾದರೂ ಬದಲಿಸಿ ಆಟವನ್ನು ಆಡುವವನಿಗೆ ಒಗ್ಗಿಸಬೇಕು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದಕ್ಕೆ ‘ಸ್ಟೆಪ್’ ಎಂದು ಹೆಸರಿಟ್ಟಿದ್ದಾರೆ. ಬಲೆ ಎತ್ತರವಾಯಿತೇ, ಇಳಿಸಿ. ಚೆಂಡು ಸರಿಯಾಗಿ ಕಾಣುವುದಿಲ್ಲವೇ, ದೊಡ್ಡದು ಕೊಡಿ. ಏನೂ ಕಾಣುವುದಿಲ್ಲವೇ, ಅಂಧರ ಆಟವಾದ ಗೋಲ್‌ಬಾಲ್‌ನಲ್ಲಿ ಮಾಡುವಂತೆ ಚೆಂಡಿನೊಳಗೆ ಗೆಜ್ಜೆ ಹಾಕಿ. ಇದನ್ನು ಕಲಿಯದವನು ಕೋಚ್ ಆಗಲಾರ.

ಕಲಿತಿದ್ದಾನೆಯೇ ಎಂದು ನೋಡುವುದಕ್ಕೆ ಮಾತ್ರ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಗಾತ್ರದ ಅಕ್ಷರ, ಒಂದೇ ಗಂಟೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ನಾನು ಹೇಳುತ್ತಿರುವ ಪರೀಕ್ಷಾ ಮಂಡಳಿಗೆ ಹೆಸರಿಲ್ಲ. ಒಂದಕ್ಕೆ ಹೆಸರಿಟ್ಟರೆ ಉಳಿದವು ತಮ್ಮನ್ನು ಬಿಟ್ಟರೆಂದು ಬೇಸರಪಟ್ಟುಕೊಳ್ಳುತ್ತವೆ.

ಅಲ್ಲಿಗೆ ಬಂದ ಒಬ್ಬ ಅಭ್ಯರ್ಥಿಗೆ ಡಿಸ್ಲೆಕ್ಸಿಯಾ. ಓಡುವ ಹುಡುಗಿಯ ಮೊಣಕೈ ಎಲ್ಲಿ ಹೊರಗೆ ಹೋಗುತ್ತಿದೆ ಎಂಬುದನ್ನು ಮೈದಾನದ ಆಚೆ ತುದಿಯಿಂದಲೇ ಹೇಳಬಲ್ಲವನು. ಅಕ್ಷರಗಳು ಮಾತ್ರ ಅವನಿಗೆ ಸಾಲಾಗಿ ನಿಲ್ಲುವುದಿಲ್ಲ. ಕಾಲು ಭಾಗ ಹೆಚ್ಚುವರಿ ಸಮಯ ಮತ್ತು ಪ್ರಶ್ನೆ ಓದಿ ಹೇಳಲು ಒಬ್ಬರನ್ನು ಕೇಳಿದ. ‘ಉಳಿದವರಿಗೆ ಅನ್ಯಾಯವಾಗುತ್ತದೆ’ ಎಂದು ಮಂಡಳಿ ಉತ್ತರಿಸಿತು. ಅದೇ ಕೊಠಡಿಯಲ್ಲಿ ಏಳೆಂಟು ಮಂದಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಸಮಾನತೆಗಾಗಿ ಅದನ್ನು ಕಳಚಿಡಿ ಎಂದು ಯಾರೂ ಅವರಿಗೆ ಹೇಳಲಿಲ್ಲ. ಕೊನೆಯ ಪ್ರಶ್ನೆ ಹೀಗಿತ್ತು: ‘ಓದಿನ ತೊಡಕಿರುವ ಆಟಗಾರನಿಗೆ ನಿಮ್ಮ ತರಬೇತಿಯನ್ನು ಹೇಗೆ ಮಾರ್ಪಡಿಸುವಿರಿ? ವಿವರವಾಗಿ ಬರೆಯಿರಿ. 10 ಅಂಕ.’ ಅವನು ‘ಮಾರ್ಪಡಿಸುವಿರಿ’ ಎಂಬಲ್ಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ಮುಂದಿನ ದಿನ ಮೈದಾನದಲ್ಲಿ ಪ್ರಾಯೋಗಿಕ ಪರೀಕ್ಷೆ. ಇಲ್ಲಿ ಇನ್ನೊಬ್ಬ ಅಭ್ಯರ್ಥಿ, ಹುಟ್ಟಿನಿಂದ ಕಿವುಡಿ. ಅಂಕಪಟ್ಟಿಯಲ್ಲಿ ‘ಸೀಟಿ ಊದಿ ಆಟ ನಿಲ್ಲಿಸುವುದು’ ಎಂಬುದಕ್ಕೆ 5 ಅಂಕ. ಆಕೆ ಮೊದಲೇ ಮಕ್ಕಳಿಗೆ ಹೇಳಿಟ್ಟಿದ್ದಳು; ಕೆಂಪು ಬಾವುಟ ಎತ್ತಿದಳು, ಹನ್ನೆರಡು ಮಕ್ಕಳೂ ಕಾಲಡಿಯಲ್ಲಿ ಚೆಂಡು ಒತ್ತಿಕೊಂಡು ನಿಂತರು. ಹಿಂದಿನ ವಾರ ಸೀಟಿ ಊದಿ ಊದಿ ಕೆನ್ನೆ ನೋಯಿಸಿಕೊಂಡವರ ಮಕ್ಕಳು ಇನ್ನೂ ಓಡುತ್ತಲೇ ಇದ್ದಾರೆಂದು ಕೇಳಿದ್ದೇನೆ. ಪರೀಕ್ಷಕರು ಬರೆದರು: ‘ಮಕ್ಕಳು ನಿಂತರು. ಸೀಟಿ ಕೇಳಿಸಲಿಲ್ಲ. ಸೊನ್ನೆ.’

ಕಿವುಡರ ಅಂತರರಾಷ್ಟ್ರೀಯ ಕ್ರೀಡಾಕೂಟ 1924ರಲ್ಲೇ ಪ್ಯಾರಿಸ್ಸಿನಲ್ಲಿ ಆರಂಭವಾಯಿತು. ಇಂದು ಅಲ್ಲಿ ಓಟಕ್ಕೆ ದೀಪ ಹೊತ್ತಿಸಿ ಚಾಲನೆ ಕೊಡುತ್ತಾರೆ, ಫುಟ್‌ಬಾಲಿನ ರೆಫರಿ ಬಾವುಟ ಬೀಸುತ್ತಾನೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಆಟಗಾರರು ತಲೆಗೆ ತಲೆ ಕೂಡಿಸಿ ಗುಂಪುಗಟ್ಟುವ ಪದ್ಧತಿಯೂ 1890ರ ದಶಕದಲ್ಲಿ ಗ್ಯಾಲಡೆಟ್ ಎಂಬ ಅಲ್ಲಿನ ಕಾಲೇಜಿನ ಕಿವುಡ ವಿದ್ಯಾರ್ಥಿಗಳಿಂದ ಬಂತೆಂದು ಹೇಳುತ್ತಾರೆ. ತಮ್ಮ ಕೈಸನ್ನೆ ಎದುರಾಳಿಗಳಿಗೆ ಕಾಣದಿರಲೆಂದು ಮಾಡಿಕೊಂಡ ಉಪಾಯ. ಕಿವಿ ಕೇಳುವವರು ಅದನ್ನು ಎತ್ತಿಕೊಂಡಾಗ ಯಾವ ಅರ್ಜಿಯನ್ನೂ ತುಂಬಲಿಲ್ಲ.

ಇಲ್ಲಿ ಅರ್ಜಿ ಉಂಟು. ಆರು ವಾರ ಮುಂಚೆ ಕೊಡಬೇಕು, ಪರೀಕ್ಷೆಯ ದಿನಾಂಕವನ್ನು ಮೂರು ವಾರ ಮುಂಚೆ ತಿಳಿಸುತ್ತಾರೆ. ಜೊತೆಗೆ ಮೂರು ತಿಂಗಳೊಳಗಿನ ವೈದ್ಯಕೀಯ ಪ್ರಮಾಣಪತ್ರ. ಹುಟ್ಟು ಕಿವುಡು ಈ ನಡುವೆ ವಾಸಿಯಾಗಿಬಿಟ್ಟಿದ್ದರೆ ಎಂಬ ಮುಂಜಾಗ್ರತೆ. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಬೇಕಾದವರು ಭರ್ತಿ ಮಾಡುವ ನಮೂನೆಯನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ತಳದಲ್ಲಿ ಒಂದು ಸೂಚನೆ: ‘ಶ್ರವಣದೋಷವುಳ್ಳವರು ಹೆಚ್ಚಿನ ವಿವರಗಳಿಗೆ ದೂರವಾಣಿಯಲ್ಲಿ ಮಾತ್ರ ಸಂಪರ್ಕಿಸಿ.’

ಮಂಡಳಿಗೆ ಕಾನೂನು ಗೊತ್ತಿಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯು ಸಮಂಜಸ ಹೊಂದಾಣಿಕೆಯನ್ನು, ಅಂದರೆ ಅವರವರ ಅಗತ್ಯಕ್ಕೆ ತಕ್ಕ ಬದಲಾವಣೆಯನ್ನು, ನಿರಾಕರಿಸುವುದನ್ನೇ ತಾರತಮ್ಯ ಎನ್ನುತ್ತದೆ. ಆ ಪುಟವನ್ನು ಅವರು ಗೌರವದಿಂದ ದಾಟಿದ್ದಾರೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ, ಸಾಮರ್ಥ್ಯದ ಮಾನದಂಡವನ್ನೇ ಸಡಿಲಿಸಬೇಕಿಲ್ಲ ಎಂಬ ಮಾತು ಬರುತ್ತದೆ. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿಟ್ಟುಕೊಂಡಿದ್ದಾರೆ. ಸಾಮರ್ಥ್ಯ ಯಾವುದು, ಅದನ್ನು ತೋರಿಸುವ ಬಗೆ ಯಾವುದು ಎಂದು ಬಿಡಿಸಿ ನೋಡುವುದು ಆ ಕಾಯ್ದೆಯ ಕೆಲಸ. ಮಂಡಳಿಗೆ ಅಷ್ಟು ಪುರುಸೊತ್ತಿಲ್ಲ. ಆಟ ನಿಲ್ಲಿಸುವುದೂ ಮಾನದಂಡ, ಸೀಟಿಯೂ ಮಾನದಂಡ, ನೀಲಿ ಶಾಯಿಯೂ ಮಾನದಂಡ. ಗಾಲಿಕುರ್ಚಿಯ ಕೋಚ್ ಒಬ್ಬರು ಹೈಜಂಪನ್ನು ಶಿಷ್ಯನಿಂದ ಮಾಡಿಸಿ ತೋರಿಸಲೇ ಎಂದು ಕೇಳಿದ್ದಕ್ಕೆ, ‘ಸ್ವತಃ’ ಎಂಬ ಪದವನ್ನು ಬೆರಳಿಟ್ಟು ತೋರಿಸಿದರಂತೆ.

ನ್ಯಾಯವಾಗಿ ಹೇಳಬೇಕೆಂದರೆ, ಹೊಂದಾಣಿಕೆ ಅಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಬಿಸಿಲು ಜಾಸ್ತಿ ಎಂದು ಪರೀಕ್ಷಕರಿಗೆ ಕೊಡೆ ಹಿಡಿದಿದ್ದರು. ನಿಂತರೆ ಸೊಂಟ ಹಿಡಿಯುತ್ತದೆಂದು ಕುರ್ಚಿ ಬಂತು. ಅವರು ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬ ಸಹಾಯಕ ಪಕ್ಕದಲ್ಲೇ ಇದ್ದ. ಎಲ್ಲವೂ ಆ ಗಳಿಗೆಯಲ್ಲೇ, ಪ್ರಮಾಣಪತ್ರವಿಲ್ಲದೆ. ಆ ಸಹಾಯಕ ನೀರು ತರಲು ಹೋದಾಗ ಅವರು ಜೇಬು ತಡಕಿದರು, ಕನ್ನಡಕ ಮನೆಯಲ್ಲೇ ಉಳಿದಿತ್ತು. ಎದುರಿಗೆ ನಿಂತಿದ್ದವನು ಹಿಂದಿನ ದಿನದ ಡಿಸ್ಲೆಕ್ಸಿಯಾದ ಅಭ್ಯರ್ಥಿ. ಅಂಕಪಟ್ಟಿಯನ್ನು ಅವನ ಕೈಗೆ ಕೊಟ್ಟು ಹೇಳಿದರು: “ಇದನ್ನು ಸ್ವಲ್ಪ ಓದಿ ಹೇಳಿ, ನಿಧಾನವಾಗಿಯೇ ಓದಿ, ಅವಸರವೇನಿಲ್ಲ.”